ಮನೆಯ ಶುಶ್ರೂಷೆಗೆ ಚಿಕ್ಕ ಕೋರ್ಸು ಸಾಲದೆ?

(ದೇವಾಲಯದ ಶತಮಾನೋತ್ಸವದ ಅಂಗವಾಗಿ ಜರುಗಿದ ತಾಯಂದಿರ ಮತ್ತು ಯುವಜನರ ಸಮಾವೇಶದಲ್ಲಿ ಮಾಡಿದ ಉಪನ್ಯಾಸದ ಪೂರ್ಣಪಾಠ)



ಈ ದೇವಾಲಯದ ಶತಮಾನೋತ್ಸವದ ಶುಭಸಂದರ್ಭದಲ್ಲಿ ನಮ್ಮ ಮಕ್ಕಳ ವಿದ್ಯಾಭ್ಯಾಸದ ಕುರಿತು ನಾಲ್ಕು ಮಾತು ಹೇಳಬೇಕೆಂದು ಸ್ವಾಗತ ಸಮಿತಿಯವರು ಕೇಳಿಕೊಂಡಾಗ, ವಿಷಯಕ್ಕಾಗಿ ನಾವು ಹುಡುಕಾಡಬೇಕಾಗಲಿಲ್ಲ. ಅದಕ್ಕೆ ಕೆಲವೇ ದಿನಗಳ ಹಿಂದೆ, ಭಾನುವಾರದ ಬಲಿಪೂಜೆ ಮುಗಿಸಿ ಹೊರಬರುತ್ತಿದ್ದಾಗ, ಒಬ್ಬ ತಾಯಿ ನಮ್ಮನ್ನು ತಡೆದು ನಿಲ್ಲಿಸಿದ್ದರು. ಅವರ ಮಗಳು ಪಿ.ಯು.ಸಿ. ಮುಗಿಸಿದ್ದಾಳೆ. ದಾದಿಯಾಗಬೇಕೆಂಬುದು ಅವಳ ಆಸೆ. ತಾಯಿ ಹೇಳಿದರು: "ಆಸ್ಪತ್ರೆಯ ರಾತ್ರಿ ಪಾಳಿ, ಓಡಾಟ ಎಲ್ಲ ಬೇಡ. ಯಾರದಾದರೂ ಮನೆಯಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವುದೋ, ಆಫೀಸು, ಎಸ್ಟೇಟಿನಲ್ಲಿ ಔಷಧಿ ಕೊಡುವುದೋ ಸಾಕು. ಅಷ್ಟಕ್ಕೆ ಚಿಕ್ಕ ಕೋರ್ಸು ಸಾಲದೆ?"

ಆ ತಾಯಿಗೆ ನಾವು ಅಲ್ಲಿಯೇ ಸರಿಯಾದ ಉತ್ತರ ಕೊಡಲಿಲ್ಲ. ಮಳೆ ಬರುವಂತಿತ್ತು, ಅವರ ಜೀಪು ಹೊರಟು ನಿಂತಿತ್ತು. ದಾದಿಯರಿಗೆ ಪಾಠ ಹೇಳಿಕೊಂಡೇ ವೃತ್ತಿ ಮುಗಿಸಿದ ನಮಗೆ ಆ ಪ್ರಶ್ನೆ ಮನೆಯವರೆಗೂ ಬೆನ್ನಟ್ಟಿ ಬಂತು. ಇಂದಿನ ಈ ಮಾತುಗಳೆಲ್ಲ ಅವರಿಗೆ ಅಂದು ಕೊಡದೆ ಉಳಿದ ಉತ್ತರ.

ಮೊದಲು ಒಂದು ಸಣ್ಣ ಗೊಂದಲವನ್ನು ಬಿಡಿಸಿಕೊಳ್ಳೋಣ. ನಮ್ಮ ಕಡೆ "ಸಿಸ್ಟರ್" ಎಂದು ಕರೆದರೆ ಇಬ್ಬರು ತಿರುಗಿ ನೋಡುತ್ತಿದ್ದರು: ಒಬ್ಬರು ಕನ್ಯಾಮಠದವರು, ಇನ್ನೊಬ್ಬರು ಆಸ್ಪತ್ರೆಯವರು. ಈಚೆಗೆ ಮೂರನೆಯವರೂ ತಿರುಗುತ್ತಾರೆ. ಡಾಕ್ಟರ ಷಾಪಿನಲ್ಲಿ ಚೀಟಿ ಬರೆದು, ಗುಳಿಗೆ ಎಣಿಸಿ, ಕೈ ಪಳಗಿದ ಮೇಲೆ ಚುಚ್ಚುಮದ್ದನ್ನೂ ಕೊಡುವ ಹುಡುಗಿ ಆಕೆ. ಆಕೆಯ ಮೇಲೆ ನಮಗೆ ಸಿಟ್ಟಿಲ್ಲ. ಆಕೆಗೆ ಯಾರೂ ಕಲಿಸಲಿಲ್ಲ, ಕಲಿಸದೆಯೇ ಕೆಲಸ ಒಪ್ಪಿಸಿದರು. ಆದರೆ ರೋಗಿಗೆ ಈ ಮೂವರ ವ್ಯತ್ಯಾಸ ತಿಳಿಯುವುದಿಲ್ಲ. ಉಡುಪು ಒಂದೇ, ಕರೆಯುವ ಹೆಸರೂ ಒಂದೇ.

ಮನೆಯ ಶುಶ್ರೂಷೆ ಆಸ್ಪತ್ರೆಯ ಶುಶ್ರೂಷೆಗಿಂತ ಹಗುರವಾದದ್ದು ಎಂಬ ಭಾವನೆ ಎಲ್ಲಿಂದ ಬಂತೋ ನಾವರಿಯೆವು. ಚರಿತ್ರೆಯಂತೂ ಹಾಗೆ ಹೇಳುವುದಿಲ್ಲ. ಇಂಗ್ಲೆಂಡಿನ ಲಿವರ್‌ಪೂಲ್ ನಗರದ ವರ್ತಕ ವಿಲಿಯಂ ರಾಥ್‌ಬೋನ್ ಅವರು ಮರಣಶಯ್ಯೆಯಲ್ಲಿದ್ದ ತಮ್ಮ ಪತ್ನಿಯ ಆರೈಕೆಗೆ ಮೇರಿ ರಾಬಿನ್‌ಸನ್ ಎಂಬ ದಾದಿಯನ್ನು ಮನೆಗೆ ಕರೆಸಿಕೊಂಡಿದ್ದರು. 1859ರಲ್ಲಿ ಪತ್ನಿ ತೀರಿಹೋದ ಬಳಿಕ, ಸಿರಿವಂತನಾದ ತನ್ನ ಮನೆಗೇ ಇಷ್ಟು ನೆಮ್ಮದಿ ತಂದ ಈಕೆ ಬಡವರ ಮನೆಗಳಿಗೆ ಎಷ್ಟು ತಂದಾಳು ಎಂದು ಯೋಚಿಸಿ, ಆಕೆಯನ್ನು ನಗರದ ಬಡ ರೋಗಿಗಳ ಮನೆಗಳಿಗೆ ಕಳುಹಿಸಿದರು. ಒಬ್ಬಳಿಂದ ಸಾಲದಾಯಿತು, ತರಬೇತಾದವರು ಬೇರೆ ಸಿಗಲಿಲ್ಲ. ಅವರು ಫ್ಲಾರೆನ್ಸ್ ನೈಟಿಂಗೇಲರ ಸಲಹೆ ಕೇಳಿದರು. ಬೇಗ ಬೇಗ ನಾಲ್ಕು ಹೆಂಗಸರನ್ನು ಸಿದ್ಧಪಡಿಸಿ ಕಳುಹಿಸಿರಿ ಎಂಬ ಸಲಹೆ ಬರಲಿಲ್ಲ. ಆಸ್ಪತ್ರೆಗೆ ಸೇರಿದಂತೆ ಒಂದು ದಾದಿಯರ ಶಾಲೆಯನ್ನು ತೆರೆಯಿರಿ ಎಂಬ ಸಲಹೆ ಬಂತು. ಹಾಗೆಯೇ ಮಾಡಿದರು. ಅಲ್ಲಿ ಕಲಿತವರು ಆಮೇಲೆ ಮನೆಮನೆಗೆ ಹೋದರು. ಕಾರ್ಖಾನೆಯ ದಾದಿಯ ಕಥೆಯೂ ಇದಕ್ಕೆ ದೂರವಿಲ್ಲ. 1878ರಲ್ಲಿ ನಾರ್ವಿಚ್ ನಗರದ ಕೋಲ್ಮನ್ ಸಾಸಿವೆ ಕಾರ್ಖಾನೆಯವರು ಫಿಲಿಪಾ ಫ್ಲವರ್‌ಡೇ ಎಂಬ ದಾದಿಯನ್ನು ನೇಮಿಸಿದರು. ಆಕೆ ಕಾರ್ಖಾನೆಯಲ್ಲಿ ವೈದ್ಯರಿಗೆ ನೆರವಾಗಿ, ಉಳಿದ ಹೊತ್ತಿನಲ್ಲಿ ಕಾಯಿಲೆಬಿದ್ದ ಕೆಲಸಗಾರರ ಮನೆಗಳಿಗೆ ಹೋಗುತ್ತಿದ್ದರು. ಕಚೇರಿ ಮತ್ತು ಮನೆ, ಎರಡೂ ಒಬ್ಬಳೇ ದಾದಿಯ ಕೈಯಲ್ಲಿದ್ದವು.

ಈಗ ನಮ್ಮ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಮನೆಗಳಿಗೆ ಬರೋಣ. ಪೇಟೆಯ ಮನೆಯಲ್ಲ, ತೋಟದ ಮನೆ. ಡಾಂಬರು ರಸ್ತೆಯಿಂದ ಇಳಿದು ಅರ್ಧ ಮೈಲು ಮಣ್ಣಿನ ದಾರಿ, ನಡುವೆ ಒಂದು ಸಂಕ. ಮಕ್ಕಳು ಬೆಂಗಳೂರಿನಲ್ಲೋ ಕೊಲ್ಲಿ ದೇಶದಲ್ಲೋ ಇದ್ದಾರೆ. ಮನೆಯಲ್ಲಿ ಪಾರ್ಶ್ವವಾಯು ಬಡಿದ ತಂದೆ, ಸೊಂಟ ನೋವಿನ ತಾಯಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಿಂದಲೋ, ಘಟ್ಟ ಇಳಿದು ಮಣಿಪಾಲದಿಂದಲೋ ಅವರನ್ನು ಮನೆಗೆ ಕಳುಹಿಸಿರುತ್ತಾರೆ. ಮೂಗಿನಲ್ಲಿ ಆಹಾರದ ಕೊಳವೆ, ಕೆಳಗೆ ಮೂತ್ರದ ಕೊಳವೆ, ಕೈಯಲ್ಲಿ ಎರಡು ಪುಟದ ಔಷಧಿ ಪಟ್ಟಿ. ಅಲ್ಲಿಯವರೆಗೆ ಮೂರು ಪಾಳಿಗಳಲ್ಲಿ ಹಲವು ದಾದಿಯರು ಮಾಡುತ್ತಿದ್ದ ಕೆಲಸ ಆ ದಿನದಿಂದ ಒಬ್ಬಳ ಮೇಲೆ ಬೀಳುತ್ತದೆ.

ಆ ಒಬ್ಬಳು ಏನೇನು ತಿಳಿದಿರಬೇಕು? ಕೊಳವೆಯಲ್ಲಿ ಗಂಜಿ ಹಾಕುವ ಮುನ್ನ ಪ್ರತಿ ಸಲವೂ ಅದರ ತುದಿ ಹೊಟ್ಟೆಯಲ್ಲಿಯೇ ಇದೆಯೆಂದು ಖಚಿತಪಡಿಸಿಕೊಳ್ಳಬೇಕು. ತಲೆಯನ್ನು ಎತ್ತರಿಸಿ ಕೂರಿಸಬೇಕು. ಹಾಕಿದ ಮೇಲೂ ಅರ್ಧ ಗಂಟೆಯಾದರೂ ಮಲಗಿಸಬಾರದು. ತಪ್ಪಿದರೆ ಗಂಜಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಬೇಕು, ಇಲ್ಲವಾದರೆ ಬೆನ್ನಿನ ಕೆಳಭಾಗದಲ್ಲೂ ಹಿಮ್ಮಡಿಯಲ್ಲೂ ಹಾಸಿಗೆ ಹುಣ್ಣು ಏಳುತ್ತದೆ. ಗಾಳಿಹಾಸಿಗೆ ಇದೆಯಲ್ಲ ಎನ್ನುತ್ತಾರೆ. ಆಷಾಢದ ಮಳೆಯಲ್ಲಿ ಮರ ಬಿದ್ದು ಮೂರು ದಿನ ಕರೆಂಟಿಲ್ಲದಾಗ ಗಾಳಿಹಾಸಿಗೆಯ ಪಂಪು ಏನು ಮಾಡೀತು? ಆಮ್ಲಜನಕದ ಯಂತ್ರವೂ, ಕಫ ಎಳೆಯುವ ಯಂತ್ರವೂ ಅಂದು ಮೂಲೆಯಲ್ಲಿ ಕುಳಿತಿರುತ್ತವೆ. ಫೋನು ಸಿಗಬೇಕಾದರೆ ಗುಡ್ಡ ಹತ್ತಬೇಕು. ಆಗ ಉಳಿಯುವುದು ಆ ದಾದಿಯ ಎರಡು ಕೈ ಮತ್ತು ಆಕೆ ಕಲಿತ ವಿದ್ಯೆ.

ಇನ್ಸುಲಿನ್ ಮಾತು ಹೇಳಲೇಬೇಕು. ಬರೆದಷ್ಟು ಚುಚ್ಚುವುದನ್ನು ಒಂದು ವಾರದಲ್ಲಿ ಯಾರು ಬೇಕಾದರೂ ಕಲಿಯಬಹುದು. ಅಜ್ಜ ಇಂದು ಊಟ ಬೇಡವೆಂದಿದ್ದಾರೆ, ನಿನ್ನೆಯಿಂದ ವಾಂತಿಯಿದೆ. ಇಂದೂ ಅಷ್ಟೇ ಚುಚ್ಚಬಹುದೇ ಎಂದು ತಡೆದು ನಿಂತು, ವೈದ್ಯರನ್ನು ಕೇಳಿ ಮುಂದುವರಿಯುವುದಕ್ಕೆ ಒಂದು ವಾರ ಸಾಲದು. ಬೆವರುತ್ತಾ ಅಸಂಬದ್ಧ ಮಾತನಾಡುವ ಅಜ್ಜನನ್ನು "ವಯಸ್ಸಾಯಿತು, ಅರಳು ಮರಳು" ಎಂದು ಮಲಗಿಸಿಬಿಟ್ಟರೆ ಬೆಳಗಾಗುವಷ್ಟರಲ್ಲಿ ಏನಾಗುವುದೆಂದು ಹೇಳಬೇಕಾಗಿಲ್ಲ.

ನಮ್ಮ ಮಲೆನಾಡಿಗೇ ವಿಶೇಷವಾದ ಇನ್ನೊಂದು ದುಃಖವಿದೆ. ಅಡಿಕೆ ಮರದಿಂದ ಬಿದ್ದವರು. ಔಷಧಿ ಹೊಡೆಯಲು, ಕೊನೆ ತೆಗೆಯಲು ಹತ್ತಿದ ಗಟ್ಟಿ ಆಳು, ಮರ ಜಾರಿಯೋ ಮುರಿದೋ ಬಿದ್ದು ಬೆನ್ನುಹುರಿ ಕಡಿದುಕೊಂಡರೆ ಸೊಂಟದ ಕೆಳಗೆ ಸ್ವಾಧೀನವಿಲ್ಲದೆ ದಶಕಗಳ ಕಾಲ ಹಾಸಿಗೆಯಲ್ಲಿ ಬದುಕಬೇಕಾಗುತ್ತದೆ. ಅವನಿಗೆ ಕಾಲಿನಲ್ಲಿ ಬಿಸಿಯೂ ತಿಳಿಯದು, ನೋವೂ ತಿಳಿಯದು. ಚಳಿಯೆಂದು ಮನೆಯವರು ಪ್ರೀತಿಯಿಂದ ಕಾಲ ಬಳಿ ಬಿಸಿನೀರಿನ ಚೀಲವಿಟ್ಟು, ಬೆಳಿಗ್ಗೆ ಕಂಬಳಿ ಸರಿಸಿದಾಗ ಬೊಬ್ಬೆಯೆದ್ದ ಕಾಲನ್ನು ಕಂಡು ಗೋಳಿಟ್ಟಿದ್ದನ್ನು ನಾವು ನೋಡಿದ್ದೇವೆ. ಪೆಟ್ಟು ಬೆನ್ನಿನ ಮೇಲ್ಭಾಗದಲ್ಲಿ ಆಗಿದ್ದರೆ ಮತ್ತೊಂದು ಅಪಾಯ. ಮೂತ್ರದ ಕೊಳವೆ ಕಟ್ಟಿಕೊಂಡರೂ ಸಾಕು, ತಲೆ ಸಿಡಿಯುವ ನೋವು, ಬೆವರು, ಹಠಾತ್ತನೆ ಏರುವ ರಕ್ತದೊತ್ತಡ. ತಲೆನೋವಿಗೆ ಗುಳಿಗೆ ಕೊಡುವವಳಿಗೂ, ಮೊದಲು ಕೊಳವೆಯನ್ನು ನೋಡುವವಳಿಗೂ ಇರುವ ವ್ಯತ್ಯಾಸವೇ ನಾವು ಇಂದು ಹೇಳಹೊರಟಿರುವ ವಿಷಯ.

ಆಸ್ಪತ್ರೆಯಲ್ಲಿ ದಾದಿ ಎಡವಿದರೆ ಹಿಡಿಯಲು ಪಕ್ಕದಲ್ಲಿ ಹಿರಿಯ ದಾದಿ ಇರುತ್ತಾಳೆ, ಕೂಗಳತೆಯಲ್ಲಿ ವೈದ್ಯರಿರುತ್ತಾರೆ. ಮನೆಯಲ್ಲಿ ಯಾರೂ ಇಲ್ಲ. ಆದುದರಿಂದ ಆ ತಾಯಿಯ ಲೆಕ್ಕವನ್ನು ನಾವು ತಿರುಗಿಸಿ ಬರೆಯಬೇಕಾಗಿದೆ. ಒಬ್ಬಳೇ ನಿಂತು ಮಾಡಬೇಕಾದ ಕೆಲಸಕ್ಕೆ ಹೆಚ್ಚಿನ ಕಲಿಕೆ ಬೇಕು, ಕಡಿಮೆಯದಲ್ಲ.

ಕಚೇರಿ, ಎಸ್ಟೇಟು, ಕಾರ್ಖಾನೆಗಳ ಮಾತೂ ಇದೇ. 500ಕ್ಕಿಂತ ಹೆಚ್ಚು ಕೆಲಸಗಾರರಿರುವ ಕಾರ್ಖಾನೆಯಲ್ಲಿ ಆಂಬುಲೆನ್ಸ್ ಕೋಣೆ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆ ವಿಧಿಸಿತ್ತು. ಅದರ ಸ್ಥಾನಕ್ಕೆಂದು ಬಂದ 2020ರ ಸಂಹಿತೆಯೂ ಆ ಮಾತನ್ನು ಉಳಿಸಿಕೊಂಡಿದೆ. ಪ್ಲಾಂಟೇಷನ್ ಕೆಲಸಗಾರರ ವೈದ್ಯಕೀಯ ಸೌಲಭ್ಯಕ್ಕೆ 1951ರಲ್ಲಿಯೇ ಕಾಯ್ದೆಯಾಯಿತು. ಬೆಂಗಳೂರಿನ ದೊಡ್ಡ ಕಂಪನಿಗಳಲ್ಲಿ ತಣ್ಣನೆಯ ಕೋಣೆಯಲ್ಲಿ ಕುಳಿತ ದಾದಿಯನ್ನು ಕಂಡು ನಮ್ಮ ಹುಡುಗಿಯರು ಇದೆಷ್ಟು ಸುಖದ ಕೆಲಸ ಎಂದುಕೊಳ್ಳುತ್ತಾರೆ. ದಿನದ ಒಂಬತ್ತು ಮಂದಿ ತಲೆನೋವಿನವರೇ ಇರಬಹುದು. ಹತ್ತನೆಯವನು ಎದೆ ಹಿಡಿದುಕೊಂಡು ಬಂದು "ಗ್ಯಾಸು ಸಿಸ್ಟರ್" ಎನ್ನುತ್ತಾನೆ. ನಮ್ಮ ತೋಟಗಳಲ್ಲಾದರೆ ಹಾವು ಕಚ್ಚಿದವನ ಕಾಲಿಗೆ ಬಿಗಿಯಾಗಿ ಹಗ್ಗ ಕಟ್ಟಿ ಕರೆತರುತ್ತಾರೆ. ಕೀಟನಾಶಕ ಹೊಡೆದವನು ಬಾಯಲ್ಲಿ ಜೊಲ್ಲು ಸುರಿಸುತ್ತಾ ಬರುತ್ತಾನೆ. ಡಿಸೆಂಬರಿನಿಂದ ಬೇಸಿಗೆ ಮುಗಿಯುವವರೆಗೆ ಕಾಡಿನಂಚಿನಲ್ಲಿ ತರಗೆಲೆ ಗುಡಿಸಿ ಬಂದವನಿಗೆ ಜ್ವರವೆಂದರೆ, 1957ರಲ್ಲಿ ಸೊರಬ ಸೀಮೆಯ ಕ್ಯಾಸನೂರು ಕಾಡಿನಲ್ಲಿ ಗುರುತಾಗಿ ನಮ್ಮ ತಾಲೂಕುಗಳಿಗೂ ಬಂದಿರುವ ಮಂಗನ ಕಾಯಿಲೆಯ ನೆನಪು ದಾದಿಗೆ ಬರಬೇಕು. ಇನ್ನೊಂದು ಮಾತು. ಕೆಲಸದ ಸ್ಥಳದ ದಾದಿಗೆ ಸಂಬಳ ಕೊಡುವವನು ಯಜಮಾನ, ಗುಟ್ಟು ಹೇಳುವವನು ಕೆಲಸಗಾರ. ಅವನ ಕಾಯಿಲೆಯ ವಿವರ ಯಜಮಾನನ ಮೇಜಿಗೆ ಹೋಗದಂತೆ ಕಾಯುವ ಧೈರ್ಯ ಕೂಡ ಈ ವೃತ್ತಿಯ ಪಾಠದಲ್ಲಿಯೇ ಬರುತ್ತದೆ.

ಹಾಗಾದರೆ ಯಾವುದನ್ನು ಓದಿಸಬೇಕು?

ಎ.ಎನ್.ಎಂ. ಎಂಬುದು ಎರಡು ವರ್ಷದ್ದು, ಹೆಣ್ಣುಮಕ್ಕಳಿಗೆ ಮಾತ್ರ. ಲಸಿಕೆ, ಬಸುರಿ ಬಾಣಂತಿಯರ ಆರೈಕೆ, ಹಳ್ಳಿಯ ಉಪಕೇಂದ್ರದ ಕೆಲಸ ಇದರ ಕ್ಷೇತ್ರ. ಕರ್ನಾಟಕ ಸರ್ಕಾರ ಈ ಹುದ್ದೆಗೆ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಎಂಬ ಹೆಸರನ್ನಿತ್ತಿದೆ. ಬಹಳ ಗೌರವದ ಕೆಲಸ. ಮಲೆನಾಡಿನ ಮಳೆಯಲ್ಲಿ ಲಸಿಕೆಯ ಪೆಟ್ಟಿಗೆ ಹೊತ್ತು ನಡೆದ ಈ ತಾಯಂದಿರಿಗೆ ಈ ಮೂರು ತಾಲೂಕುಗಳು ಋಣಿ. ಆದರೆ ಕೊಳವೆ, ಯಂತ್ರಗಳ ನಡುವೆ ಮಲಗಿದ ರೋಗಿಯನ್ನು ಒಬ್ಬಳೇ ನೋಡಿಕೊಳ್ಳಲು ಹೊರಡುವವಳಿಗೆ ಇದು ತಕ್ಕ ಓದಲ್ಲ.

ಜಿ.ಎನ್.ಎಂ. ಮೂರು ವರ್ಷದ ಡಿಪ್ಲೊಮಾ. ಪಿ.ಯು.ಸಿ.ಯಲ್ಲಿ ವಿಜ್ಞಾನವನ್ನೇ ಓದಿರಬೇಕೆಂಬ ಕಡ್ಡಾಯವಿಲ್ಲ, ಇಂಗ್ಲಿಷ್ ಇರಬೇಕು. ಗಂಡುಮಕ್ಕಳೂ ಸೇರಬಹುದು, ಸೇರಬೇಕು ಎನ್ನುತ್ತೇವೆ ನಾವು. ಎಂಬತ್ತು ಕಿಲೋ ತೂಗುವ ಅಜ್ಜನನ್ನು ಎತ್ತಿ ಕೂರಿಸುವಾಗ ಅದರ ಬೆಲೆ ತಿಳಿಯುತ್ತದೆ. ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷ; ಅದಕ್ಕೆ ಭೌತ, ರಸಾಯನ, ಜೀವಶಾಸ್ತ್ರ ಓದಿರಲೇಬೇಕು. ಜಿ.ಎನ್.ಎಂ. ಮುಗಿಸಿದವರು ಮುಂದೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮಾಡಿ ಪದವೀಧರರಾಗಲು ದಾರಿಯಿದೆ. ಸಾಲ ಮಾಡಿ ಏಕಕಾಲಕ್ಕೆ ಎಲ್ಲವನ್ನೂ ಹಿಡಿಯಲಾಗದ ಮನೆಗಳಿಗೆ ಈ ಮೆಟ್ಟಿಲು ಒಳ್ಳೆಯದು. ಮನೆಯ ಶುಶ್ರೂಷೆಗೂ ಕಚೇರಿಯ ಕೆಲಸಕ್ಕೂ ಕನಿಷ್ಠ ಜಿ.ಎನ್.ಎಂ. ಆಗಿರಲಿ ಎಂಬುದು ನಮ್ಮ ದೃಢ ಅಭಿಪ್ರಾಯ. ಅದೂ ಮುಗಿದ ಮರುದಿನವೇ ಅಲ್ಲ. ಎರಡು ವರ್ಷವಾದರೂ ದೊಡ್ಡ ಆಸ್ಪತ್ರೆಯ ವಾರ್ಡಿನಲ್ಲಿ, ಸಾಧ್ಯವಾದರೆ ತುರ್ತು ವಿಭಾಗದಲ್ಲಿ, ಆ ತಾಯಿ ಬೇಡವೆಂದ ರಾತ್ರಿ ಪಾಳಿಯಲ್ಲಿಯೇ ದುಡಿಯಲಿ. ರಾತ್ರಿ ಎರಡು ಗಂಟೆಗೆ ರೋಗಿಯ ಮುಖ ಹೇಗೆ ಬದಲಾಗುತ್ತದೆಂಬುದನ್ನು ಯಾವ ಪುಸ್ತಕವೂ ಕಲಿಸುವುದಿಲ್ಲ.

ಇನ್ನು ಕೆಲವು ತಿಂಗಳ ತರಬೇತಿಗಳಿವೆ: ಮನೆ ಆರೈಕೆಯ ಸಹಾಯಕಿ, ಜನರಲ್ ಡ್ಯೂಟಿ ಅಸಿಸ್ಟೆಂಟ್ ಎಂಬಂಥವು. ಇವನ್ನು ನಾವು ಹಳಿಯುವುದಿಲ್ಲ. ಮೈ ಒರೆಸುವುದು, ಊಟ ಮಾಡಿಸುವುದು, ನಡೆಸುವುದು, ಜೊತೆಗಿರುವುದು ಇವೆಲ್ಲ ರೋಗಿಯ ಪಾಲಿಗೆ ದೊಡ್ಡ ಉಪಕಾರ. ಅವನ್ನು ಕಲಿತು ಮಾಡುವವರು ಬೇಕೇ ಬೇಕು. ಕೆಡುಕಾಗುವುದು ಸಹಾಯಕಿಯನ್ನು ದಾದಿಯೆಂದು ಕರೆದಾಗ. ಕೆಲವು ವರ್ಷಗಳ ಹಿಂದೆ ನಮ್ಮ ಪರಿಚಯದ ಹುಡುಗಿಯೊಬ್ಬಳು, ತಾಯಿಯ ಬಳೆ ಅಡವಿಟ್ಟು, ದೂರದ ಪಟ್ಟಣದ ಸಂಸ್ಥೆಯೊಂದಕ್ಕೆ ಶುಲ್ಕ ಕಟ್ಟಿ ಆರು ತಿಂಗಳ "ನರ್ಸಿಂಗ್" ಮುಗಿಸಿ ಬಂದಳು. ಚೌಕಟ್ಟು ಹಾಕಿಸಿದ ಪ್ರಮಾಣಪತ್ರ ಗೋಡೆಯ ಮೇಲೆ ತಿರುಹೃದಯದ ಪಟದ ಪಕ್ಕದಲ್ಲಿತ್ತು. ನೋಂದಣಿಗೆಂದು ಹೋದಾಗ ಆ ಕಾಗದ ಎಲ್ಲಿಯೂ ಸಲ್ಲದೆಂದು ತಿಳಿಯಿತು. ಆಮೇಲೆ ಆಕೆ ಏಜೆನ್ಸಿಯೊಂದರ ಮೂಲಕ ನಗರದ ಮನೆಯೊಂದಕ್ಕೆ "ಹೋಮ್ ನರ್ಸ್" ಆಗಿ ಹೋದಳು. ಹಗಲು ರೋಗಿಯ ಕೆಲಸ, ನಡುವೆ ಪಾತ್ರೆಯ ಕೆಲಸ, ರಾತ್ರಿ ರೋಗಿಯ ಕೋಣೆಯ ನೆಲದ ಮೇಲೆ ಹಾಸಿಗೆ. ಒಂದು ದಿನ ಅಲ್ಲಿ ರೋಗಿಯ ಸ್ಥಿತಿ ಕೆಟ್ಟಾಗ ಎಲ್ಲರೂ ಆಕೆಯನ್ನೇ ಕೇಳಿದರು: "ನೀನು ನರ್ಸಲ್ಲವೇ?" ಆ ಪ್ರಶ್ನೆಗೆ ತಾನು ಏನು ಹೇಳಬೇಕಿತ್ತೆಂದು ಆಕೆ ನಮ್ಮನ್ನು ಕೇಳಿದಾಗ ನಾವು ತಲೆತಗ್ಗಿಸಿದೆವು. ಆಕೆ ಹೊರಡುವ ಮುನ್ನ ನಮ್ಮನ್ನು ಯಾರೂ ಕೇಳಲಿಲ್ಲ, ನಿಜ; ನಾವಾಗಿ ಹೋಗಿ ಹೇಳಲೂ ಇಲ್ಲ.

ಆದಕಾರಣ ಹಣ ಕಟ್ಟುವ ಮುನ್ನ ನೋಡಬೇಕಾದದ್ದನ್ನು ಹೇಳಿಬಿಡುತ್ತೇವೆ. ನಮ್ಮ ರಾಜ್ಯದಲ್ಲಿ ದಾದಿಯರ ನೋಂದಣಿಗೆ 1961ರ ಕಾಯ್ದೆಯಿದೆ. ಬೆಂಗಳೂರಿನಲ್ಲಿ ಕರ್ನಾಟಕ ರಾಜ್ಯ ನರ್ಸಿಂಗ್ ಪರಿಷತ್ತು ಇದೆ. ದೇಶಕ್ಕೆ 1947ರ ಕಾಯ್ದೆಯಂತೆ ಭಾರತೀಯ ನರ್ಸಿಂಗ್ ಪರಿಷತ್ತು ರಚಿತವಾಯಿತು. ಆ ಕಾಯ್ದೆಯ ಸ್ಥಾನಕ್ಕೆ 2023ರಲ್ಲಿ ಸಂಸತ್ತು ಹೊಸದನ್ನು ಅಂಗೀಕರಿಸಿದೆ. ಹೆಸರುಗಳು ಬದಲಾಗಲಿ, ಪ್ರಶ್ನೆ ಒಂದೇ: ಈ ಓದು ಮುಗಿದ ಮೇಲೆ ನನ್ನ ಮಗಳ ಹೆಸರು ಪರಿಷತ್ತಿನ ದಾಖಲೆಯಲ್ಲಿ ಬರುತ್ತದೆಯೇ? ಕಾಲೇಜಿನವರ ಬಾಯಿಮಾತನ್ನು ನಂಬದೆ ಪರಿಷತ್ತಿನ ಪಟ್ಟಿಯಲ್ಲಿಯೇ ಆ ಕಾಲೇಜಿನ ಹೆಸರನ್ನು ಹುಡುಕಿರಿ. ಡಿಪ್ಲೊಮಾಕ್ಕೆ ಪರೀಕ್ಷೆ ನಡೆಸುವ ರಾಜ್ಯದ ಮಂಡಲಿ ಯಾವುದು, ಪದವಿಯಾದರೆ ವಿಶ್ವವಿದ್ಯಾನಿಲಯ ಯಾವುದು ಎಂದು ಕೇಳಿರಿ; ರಾಜ್ಯದ ಬಹಳಷ್ಟು ಕಾಲೇಜುಗಳು 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯಕ್ಕೆ ಸೇರಿವೆ. ಕಾಲೇಜಿಗೆ ಹೊಂದಿದ ಆಸ್ಪತ್ರೆಯನ್ನು ಕಣ್ಣಾರೆ ನೋಡಿ ಬನ್ನಿರಿ. ಹಾಸಿಗೆಗಳಲ್ಲಿ ರೋಗಿಗಳಿಲ್ಲದಿದ್ದರೆ ನಿಮ್ಮ ಮಗಳು ಕಲಿಯುವುದು ಯಾರ ಮೇಲೆ? ಮತ್ತು ಎಸ್.ಎಸ್.ಎಲ್.ಸಿ. ಮೂಲ ಅಂಕಪಟ್ಟಿಯನ್ನು ಯಾರ ಕೈಯಲ್ಲೂ ಒತ್ತೆಯಿಟ್ಟಂತೆ ಬಿಟ್ಟು ಬರಬೇಡಿರಿ.

ಇಷ್ಟೆಲ್ಲ ಕಲಿತು ಬಂದ ದಾದಿಯನ್ನು ಮನೆಗೆ ಕರೆಸಿಕೊಳ್ಳುವವರಿಗೂ ಒಂದು ಮಾತು. ವೈದ್ಯರ ಲಿಖಿತ ಆದೇಶವಿಲ್ಲದೆ ಆಕೆ ಔಷಧಿ ಕೊಡಲೊಪ್ಪದಿದ್ದರೆ ಅದು ಅಹಂಕಾರವಲ್ಲ. ಪುಸ್ತಕದಲ್ಲಿ ಗಂಟೆ ಗಂಟೆಗೆ ಬರೆಯುತ್ತಾ ಕುಳಿತರೆ ಅದು ಸೋಮಾರಿತನವಲ್ಲ. ಆಕೆಗೆ ಮಲಗಲು ಬಾಗಿಲಿರುವ ಕೋಣೆ, ವಾರಕ್ಕೊಂದು ದಿನ ಬಿಡುವು, ಭಾನುವಾರ ಪೂಜೆಗೆ ಹೋಗುವ ಅವಕಾಶ ಬೇಕು. ಸಂತ ಲೂಕರ ಶುಭಸಂದೇಶದಲ್ಲಿ ಬರುವ ದಯಾಳು ಸಮಾರ್ಯನ ವಿಷಯವಾಗಿ ಎಷ್ಟೋ ಪ್ರಬೋಧನೆಗಳನ್ನು ಕೇಳಿದ್ದೇವೆ. ಆ ಕಥೆಯ ಛತ್ರದವನ ಕುರಿತು ಯಾರೂ ಹೆಚ್ಚು ಮಾತನಾಡಿದ್ದನ್ನು ನಾವು ಕೇಳಿಲ್ಲ. ಸಮಾರ್ಯನು ಒಂದು ರಾತ್ರಿ ನೋಡಿಕೊಂಡು ಮರುದಿನ ಹೊರಟುಹೋದನು. ಆಮೇಲೆ ಆ ಗಾಯಾಳುವನ್ನು ದಿನದಿನವೂ ನೋಡಿಕೊಳ್ಳಬೇಕಾದವನು ಛತ್ರದವನು. ಸಮಾರ್ಯನು ಅವನಿಗೆ ಕೈಮುಗಿದು ಪುಣ್ಯ ಬರಲಿ ಎಂದು ಹೇಳಿ ಹೋಗಲಿಲ್ಲ. ಎರಡು ದಿನಾರಿ ನಾಣ್ಯಗಳನ್ನು ಮುಂಗಡವಾಗಿ ಕೊಟ್ಟನು, ಹೆಚ್ಚಾದರೆ ಬಂದು ತೀರಿಸುವೆನೆಂದನು. ದಾದಿಯ ಸಂಬಳವನ್ನು ಚೌಕಾಸಿ ಮಾಡುವ ಮನೆಗಳವರು ಈ ಭಾಗವನ್ನು ಮತ್ತೊಮ್ಮೆ ಓದಬೇಕು.

ನೆರೆಯ ಕೇರಳದಲ್ಲಿ 1993ರಲ್ಲಿ ಕೋಳಿಕ್ಕೋಡಿನಲ್ಲಿ ಆರಂಭವಾದ ಉಪಶಮನ ಚಿಕಿತ್ಸೆಯ ಸಂಘವು ಬೆಳೆದು, ಊರೂರಿನ ಸ್ವಯಂಸೇವಕರು ತರಬೇತಾದ ದಾದಿಯೊಡನೆ ಹಾಸಿಗೆ ಹಿಡಿದವರ ಮನೆಗಳಿಗೆ ಹೋಗುವ ಪದ್ಧತಿಯಾಯಿತು. ಬೆಂಗಳೂರಿನಲ್ಲಿ 1994ರಿಂದ ಕರುಣಾಶ್ರಯವಿದೆ. ನಮ್ಮ ಧರ್ಮಕೇಂದ್ರದಲ್ಲಿ ಕೊಂಕಣಿ ಮಾತನಾಡುವವರಿದ್ದಾರೆ, ಮಲಯಾಳ ಮಾತನಾಡುವವರಿದ್ದಾರೆ, ಕನ್ನಡವಂತೂ ಎಲ್ಲರಿಗೂ ಇದೆ. ನೋವಿನ ಹೊತ್ತಿನಲ್ಲಿ ಮನುಷ್ಯ ತಾಯಿನುಡಿಯಲ್ಲಿಯೇ ನರಳುತ್ತಾನೆ. ಮೂರು ನುಡಿ ಬಲ್ಲ ದಾದಿ ಈ ಕಣಿವೆಯಲ್ಲಿ ಎಂಥ ಆಸ್ತಿಯೆಂದು ಯೋಚಿಸಿ ನೋಡಿರಿ. ಒಬ್ಬಳು ನೋಂದಾಯಿತ ದಾದಿ, ಒಂದು ಜೀಪು, ವಾರಕ್ಕೆರಡು ದಿನ ಬರುವ ನಾಲ್ವರು. ಶತಮಾನೋತ್ಸವದ ನಿಧಿಯಲ್ಲಿ ಗಂಟೆಗೋಪುರಕ್ಕೆ ಬಣ್ಣ ಹೊಡೆದು ಏನಾದರೂ ಉಳಿದರೆ ಇದನ್ನೂ ಗುರುಗಳು ಪರಿಶೀಲಿಸಬೇಕೆಂದು ವಿನಂತಿಸುತ್ತೇವೆ. ಉಳಿಯದಿದ್ದರೆ ಗೋಪುರದ ಬಣ್ಣ ಒಂದು ವರ್ಷ ಕಾಯಬಹುದು.

ನಮ್ಮನ್ನು ಅಂದು ತಡೆದು ನಿಲ್ಲಿಸಿದ ತಾಯಿ ಇಲ್ಲಿಯೇ ಮೂರನೆಯ ಸಾಲಿನಲ್ಲಿ ಕುಳಿತಿರುವುದನ್ನು ಕಾಣುತ್ತಿದ್ದೇವೆ, ಮಗಳೂ ಪಕ್ಕದಲ್ಲಿದ್ದಾಳೆ. ಬರುವ ಎರಡು ಭಾನುವಾರಗಳಲ್ಲಿ ಪೂಜೆಯ ನಂತರ ನಾವು ಶಾಲೆಯ ಕೋಣೆಯಲ್ಲಿ ಇರುತ್ತೇವೆ. ಅಂಕಪಟ್ಟಿಯ ನಕಲು ಪ್ರತಿಯನ್ನೂ, ಯಾವ ಕಾಲೇಜಿನವರು ನಿಮಗೆ ಪತ್ರಿಕೆ ಕೊಟ್ಟಿದ್ದಾರೋ ಆ ಪತ್ರಿಕೆಯನ್ನೂ ತನ್ನಿರಿ. ಪರಿಷತ್ತಿನ ಪಟ್ಟಿಯನ್ನು ಮುಂದಿಟ್ಟುಕೊಂಡು ಒಟ್ಟಿಗೆ ಕುಳಿತು ನೋಡೋಣ. ಮೂಲ ಪ್ರತಿ ಮನೆಯಲ್ಲಿಯೇ ಇರಲಿ.